ನೋವಿಗೆ ನೂರು ಹೆಸರು, ಗುಳಿಗೆಗೆ ಒಂದೇ

ಕನ್ನಡದಲ್ಲಿ ನೋವಿಗೆ ಇರುವಷ್ಟು ಹೆಸರುಗಳು ಸುಖಕ್ಕೆ ಇಲ್ಲ. ಇದು ನಮ್ಮ ಜನದ ಬಾಳಿನ ಮೇಲೆ ಬರೆದ ಟೀಕೆಯೆಂದು ಯಾರಾದರೂ ತಿಳಿದರೆ ಅಡ್ಡಿಯಿಲ್ಲ. ನಾನು ಹೇಳುತ್ತಿರುವುದು ಬರಿಯ ನಿಘಂಟಿನ ಮಾತು. ತಲೆ ಸಿಡಿಯುತ್ತದೆ, ಕಣ್ಣು ಉರಿಯುತ್ತದೆ, ಹೊಟ್ಟೆ ನುಲಿಯುತ್ತದೆ, ಸೊಂಟ ಹಿಡಿಯುತ್ತದೆ, ಕಾಲು ಸೆಳೆಯುತ್ತದೆ, ಪಾದ ಜೋಮುಗಟ್ಟುತ್ತದೆ, ಬೆನ್ನಿನಲ್ಲಿ ಛಳುಕು ಹೊಡೆಯುತ್ತದೆ, ಜ್ವರಕ್ಕೆ ಮುಂಚೆ ಮೈ ಮುರಿಯುತ್ತದೆ. ಹೆರುವವಳಿಗೆ ಬರುವುದು ಬೇನೆ. ಮುಳ್ಳು ತುಳಿದವನಿಗೆ ಆಗುವುದು ನೋವು. ಇವುಗಳಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟು ನೋಡಿ: ಅಕ್ಷರ ಬಾರದ ಮುದುಕಿಯೂ ನಕ್ಕು ತಿದ್ದುತ್ತಾಳೆ. ಆದರೆ ನೋವನ್ನು ಇಷ್ಟು ಸೂಕ್ಷ್ಮವಾಗಿ ವಿಂಗಡಿಸಬಲ್ಲ ಅದೇ ಜನ ಔಷಧದ ಅಂಗಡಿಯ ಮುಂದೆ ನಿಂತು ಕೇಳುವುದು ಒಂದೇ ಮಾತು: 'ಒಂದು ನೋವಿನ ಗುಳಿಗೆ ಕೊಡಿ.'

ಶಿಕಾರಿಪುರದ ಒಂದು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವುದು ನನ್ನ ಕಸುಬು. ಬಂಧುಬಳಗ ಸೊರಬದ ಸೀಮೆಯಲ್ಲಿರುವುದರಿಂದ ತಿಂಗಳಿಗೊಮ್ಮೆಯಾದರೂ ಆ ಕಡೆ ಹೋಗಿಬರುವುದುಂಟು. ವೈದ್ಯಶಾಸ್ತ್ರ ನನ್ನ ವಿಷಯವಲ್ಲ. ಆದರೆ ಹೆಸರಿಗೂ ಹೆಸರಿಸಿದ ವಸ್ತುವಿಗೂ ನಡುವಣ ಸಂಬಂಧ ನನ್ನ ವಿಷಯವೇ ಸರಿ. ಒಂದೇ ಹೆಸರಿನ ಕೆಳಗೆ ಐದಾರು ಬೇರೆ ಬೇರೆ ಅರ್ಥಗಳು ಸೇರಿಕೊಂಡಾಗ ಕಾವ್ಯದಲ್ಲಿ ಅದನ್ನು ಶ್ಲೇಷೆಯೆಂದು ಮೆಚ್ಚುತ್ತೇವೆ. ಔಷಧದ ಅಂಗಡಿಯಲ್ಲಿ ಶ್ಲೇಷೆಗೆ ಸ್ಥಳವಿಲ್ಲ. ನಾಟಿಯ ದಿನಗಳಲ್ಲಿ ಹೊತ್ತು ಮುಳುಗುವವರೆಗೆ ಗದ್ದೆಯಲ್ಲಿ ಬಗ್ಗಿದ ಹೆಂಗಸರು, ಅಡಕೆಯ ಸುಗ್ಗಿಯಲ್ಲಿ ನಡುರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುವವರು, ಮರದಿಂದ ಮರ ಹತ್ತಿ ಕೊನೆ ಇಳಿಸುವ ಕೊನೆಗಾರರು, ಶುಂಠಿಯ ಹೊಲದಲ್ಲಿ ಮಣ್ಣು ಏರಿಸುವವರು, ಇವರೆಲ್ಲರ ಸೆರಗಿನ ಗಂಟಿನಲ್ಲಿ, ಅಂಗಿಯ ಜೇಬಿನಲ್ಲಿ ಒಂದು ಗುಳಿಗೆಯ ಪಟ್ಟಿ ಇದ್ದೇ ಇರುತ್ತದೆ. ಅದು ಯಾವ ಗುಳಿಗೆಯೆಂದು ಕೇಳಿದರೆ 'ಕೆಂಪನೆಯದು', 'ಉದ್ದನೆಯದು', 'ಹೋದ ಸಲ ಕೊಟ್ಟದ್ದು' ಎಂಬ ಉತ್ತರ ಬರುತ್ತದೆ. ಓದಿದವರ ಉತ್ತರವೂ ಇದಕ್ಕಿಂತ ಬಹಳ ಮುಂದೆ ಹೋಗುವುದಿಲ್ಲವೆಂಬುದನ್ನು ನಮ್ಮ ಅಧ್ಯಾಪಕರ ಕೊಠಡಿಯಲ್ಲಿಯೇ ಕಂಡಿದ್ದೇನೆ.

ಈ ಗುಳಿಗೆಗಳು ಹೇಗೆ ಕೆಲಸ ಮಾಡುತ್ತವೆಂಬುದನ್ನು ತಿಳಿದರೆ ಇವು ಒಂದೇ ಹೆಸರಿಗೆ ಸಲ್ಲತಕ್ಕವಲ್ಲವೆಂಬುದು ತಾನಾಗಿಯೇ ಗೊತ್ತಾಗುತ್ತದೆ.

ನೋವು ಹುಟ್ಟುವ ಸ್ಥಳ ಒಂದು, ಅದು ಅರಿವಾಗುವ ಸ್ಥಳ ಇನ್ನೊಂದು. ಬೆರಳಿಗೆ ಕತ್ತಿ ತಗುಲಿದರೆ ಅಲ್ಲಿಯ ನರಗಳ ತುದಿಗಳು ಸುದ್ದಿಯನ್ನು ಹೊರಡಿಸುತ್ತವೆ. ನರದ ಎಳೆಯ ಮೇಲೆ ಹರಿದು ಅದು ಬೆನ್ನುಹುರಿಗೆ ಬರುತ್ತದೆ. ಅಲ್ಲಿ ಒಂದು ಸುಂಕದ ಕಟ್ಟೆ ಉಂಟು. ಬಂದ ಸುದ್ದಿಯನ್ನು ಆ ಕಟ್ಟೆ ತಡೆಯಬಹುದು, ಬಿಡಬಹುದು, ಕೆಲವೊಮ್ಮೆ ಹಿಗ್ಗಿಸಿಯೂ ಕಳಿಸಬಹುದು. ಅದನ್ನು ದಾಟಿ ಮೆದುಳಿಗೆ ಮುಟ್ಟಿದ ಮೇಲೆಯೇ ನಾವು 'ಅಯ್ಯೋ' ಎನ್ನುವುದು. 1965ರಲ್ಲಿ ಮೆಲ್ಜ್ಯಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಈ ಕಟ್ಟೆಯ ವಿಚಾರವನ್ನು ಮುಂದಿಟ್ಟರು. ಎಡವಿ ಬಿದ್ದ ಮಗುವಿನ ಮಂಡಿಯನ್ನು ತಾಯಿ ನೀವಿದರೆ ನೋವು ತಗ್ಗುವುದೇಕೆಂಬುದಕ್ಕೆ ಆಗ ಒಂದು ಕಾರಣ ಸಿಕ್ಕಿತು: ನೀವುವ ಸ್ಪರ್ಶದ ಸುದ್ದಿ ಕಟ್ಟೆಗೆ ಬಂದು, ನೋವಿನ ಸುದ್ದಿಗೆ ಬಾಗಿಲನ್ನು ಕಿರಿದುಗೊಳಿಸುತ್ತದೆ. ಆ ಸಿದ್ಧಾಂತದ ವಿವರಗಳು ಆಮೇಲೆ ಎಷ್ಟೋ ತಿದ್ದುಪಡಿಗೊಂಡಿವೆ. ಕಟ್ಟೆಯೊಂದು ಇದೆಯೆಂಬ ಮೂಲದ ಮಾತು ಉಳಿದಿದೆ.

ನರದ ತುದಿಯ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದಕ್ಕೆ ಹೋಗಲಾರೆ, ಏಕೆಂದರೆ ಅದು ನನ್ನ ಶಾಸ್ತ್ರಕ್ಕೂ ಸೇರಿದ್ದು. ಮೆಣಸಿನಕಾಯಿ ಕಚ್ಚಿದವನು 'ಬಾಯಿ ಉರಿಯಿತು' ಎನ್ನುತ್ತಾನೆ. ಇದನ್ನು ಲಕ್ಷಣಾರ್ಥವೆಂದು, ಬೆಂಕಿಯ ಗುಣವನ್ನು ಖಾರಕ್ಕೆ ಆರೋಪಿಸಿದ ಮಾತೆಂದು ನಾವು ಪಾಠ ಹೇಳಿಕೊಂಡು ಬಂದೆವು. 1997ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಅವರ ಸಂಗಡಿಗರು, ಮೆಣಸಿನಕಾಯಿಯ ಖಾರಸತ್ತ್ವ ನರದ ತುದಿಯಲ್ಲಿ ಯಾವ ಬಾಗಿಲನ್ನು ತೆರೆಯುತ್ತದೆಂದು ಹುಡುಕಿದಾಗ, ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಕಾವು ತೆರೆಯುವ ಬಾಗಿಲೂ ಅದೇ ಎಂದು ತಿಳಿಯಿತು. ನಮ್ಮ ಮಲೆನಾಡಿನ ಕಾಳುಮೆಣಸೂ ಅದೇ ಬಾಗಿಲನ್ನು ತಟ್ಟುತ್ತದೆ. 2021ರ ನೊಬೆಲ್ ಪಾರಿತೋಷಕದಲ್ಲಿ ಜೂಲಿಯಸ್‌ರಿಗೆ ಪಾಲು ದೊರೆತದ್ದು ಈ ಕೆಲಸಕ್ಕಾಗಿ. ಆದ್ದರಿಂದ 'ಬಾಯಿ ಉರಿಯಿತು' ಎಂಬುದು ಅಲಂಕಾರವಲ್ಲ, ವರದಿ. ಜನ ತಮ್ಮ ನೋವಿಗೆ ಇಟ್ಟ ಕ್ರಿಯಾಪದಗಳನ್ನು ಹಗುರಾಗಿ ಕಾಣಬಾರದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ನನಗೆ ಸಿಕ್ಕಿಲ್ಲ.

ಈಗ ಗುಳಿಗೆಗಳಿಗೆ ಬರೋಣ. ವೈದ್ಯಕೀಯ ಕನ್ನಡದಲ್ಲಿ ನನಗೆ ಬಹಳ ಮೆಚ್ಚಿಕೆಯಾದ ಪದ 'ಉರಿಯೂತ'. ಒಂದನೆಯ ಶತಮಾನದಲ್ಲಿ ರೋಮಿನ ಸೆಲ್ಸಸ್ ಇದಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿದ: ಕೆಂಪು, ಊತ, ಕಾವು, ನೋವು. ನಮ್ಮ ಪದ ಊತವನ್ನು ನೇರವಾಗಿ ಹೇಳಿ, ಕಾವು ನೋವುಗಳೆರಡನ್ನೂ 'ಉರಿ'ಯಲ್ಲಿ ಅಡಗಿಸಿಕೊಂಡಿದೆ. ಉಳುಕಿದ ಕಾಲು, ಬಾತ ಮಂಡಿ, ಕೀವುಗಟ್ಟಿದ ಹಲ್ಲಿನ ಬುಡ, ಇವೆಲ್ಲ ಉರಿಯೂತದ ನೋವುಗಳು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್, ನ್ಯಾಪ್ರೊಕ್ಸೆನ್, ಮೆಫೆನಾಮಿಕ್ ಆಮ್ಲ ಎಂಬ ಒಂದು ದೊಡ್ಡ ಮನೆತನ ಇವುಗಳ ಮೇಲೆ ಕೆಲಸ ಮಾಡತಕ್ಕದ್ದು.

ಈ ಮನೆತನದ ಹಿರಿಯ ಆಸ್ಪಿರಿನ್. ಬೈಸೆ ಜಾತಿಯ ಮರದ ತೊಗಟೆಯ ಪುಡಿಯಿಂದ ಜ್ವರ ಇಳಿಯುತ್ತದೆಂದು ಎಡ್ವರ್ಡ್ ಸ್ಟೋನ್ ಎಂಬ ಇಂಗ್ಲಿಷ್ ಪಾದ್ರಿ 1763ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ್ದ. 1897ರಲ್ಲಿ ಜರ್ಮನಿಯ ಬಾಯರ್ ಕಾರ್ಖಾನೆಯಲ್ಲಿ ಆಸ್ಪಿರಿನ್ ಶುದ್ಧರೂಪದಲ್ಲಿ ಸಿದ್ಧವಾಯಿತು. 1899ರಲ್ಲಿ ಮಾರಾಟಕ್ಕೆ ಬಂತು. ಆಮೇಲೆ ಎಪ್ಪತ್ತು ವರ್ಷ ಇಡೀ ಜಗತ್ತು ಅದನ್ನು ನುಂಗಿತು; ಅದು ದೇಹದಲ್ಲಿ ಮಾಡುವುದೇನೆಂಬುದು ಯಾರಿಗೂ ಗೊತ್ತಿರಲಿಲ್ಲ! 1971ರಲ್ಲಿ ಜಾನ್ ವೇನ್ ಅದನ್ನು ತೋರಿಸಿಕೊಟ್ಟರು. ಪೆಟ್ಟು ಬಿದ್ದ ಅಂಗದ ಜೀವಕೋಶಗಳು ತಮ್ಮ ಪೊರೆಯ ಕೊಬ್ಬಿನಿಂದ ಪ್ರೋಸ್ಟಗ್ಲಾಂಡಿನ್ ಎಂಬ ದ್ರವ್ಯಗಳನ್ನು ತಯಾರಿಸುತ್ತವೆ. ಇವು ನರದ ತುದಿಗಳನ್ನು ಮಸೆದು ಚುರುಕುಗೊಳಿಸುತ್ತವೆ. ಆಗ ಬಾತ ಬೆರಳಿಗೆ ಬಟ್ಟೆ ಸೋಂಕಿದರೂ ಪ್ರಾಣ ಹೋಗುತ್ತದೆ. ಈ ದ್ರವ್ಯಗಳನ್ನು ತಯಾರಿಸುವ ಕಿಣ್ವವನ್ನು ಆಸ್ಪಿರಿನ್ನಿನ ಮನೆತನ ಕಟ್ಟಿಹಾಕುತ್ತದೆ. ಅಂದರೆ ಈ ಗುಳಿಗೆ ನೋವನ್ನು ಕೊಲ್ಲುವುದಿಲ್ಲ; ನೋವಿಗೆ ಸಾಣೆ ಹಿಡಿಯುವುದನ್ನು ನಿಲ್ಲಿಸುತ್ತದೆ.

ಇಷ್ಟೇ ಆಗಿದ್ದರೆ ಈ ಲೇಖನ ಬರೆಯುವ ಅಗತ್ಯವಿರಲಿಲ್ಲ. ಅದೇ ಕಿಣ್ವ ದೇಹದ ಬೇರೆ ಕಡೆಗಳಲ್ಲಿ ಬೇರೆ ಚಾಕರಿ ಮಾಡುತ್ತಿರುತ್ತದೆ. ಜಠರದಲ್ಲಿ ಆಮ್ಲ ತಾಗದಂತೆ ಒಳಗೋಡೆಗೆ ಲೋಳೆಯ ಲೇಪ ಕೊಡಿಸುವುದು ಅದು. ಮೂತ್ರಪಿಂಡಕ್ಕೆ ರಕ್ತದ ಹರಿವು ಕಡಮೆಯಾಗದಂತೆ ನೋಡಿಕೊಳ್ಳುವುದು ಅದು. ಗಾಯವಾದಾಗ ರಕ್ತದ ಕಿರುಬಿಲ್ಲೆಗಳು ಒಂದಕ್ಕೊಂದು ಅಂಟಿ ಹೆಪ್ಪು ಕಟ್ಟಲು ನೆರವಾಗುವುದು ಅದು. ಅಂಜನಾಪುರದ ಜಲಾಶಯದ ಕಾಲುವೆಯನ್ನು ಬಲ್ಲ ಶಿಕಾರಿಪುರದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾದ್ದಿಲ್ಲ: ಒಬ್ಬನ ಗದ್ದೆಗೆ ನೀರು ಹೆಚ್ಚಾಯಿತೆಂದು ತಲೆಗಾಲುವೆಯ ಬಾಗಿಲನ್ನೇ ಇಳಿಸಿದರೆ ಕೆಳಗಿನವರ ಗದ್ದೆಗಳೂ ಒಣಗುತ್ತವೆ. ಬರಿಹೊಟ್ಟೆಯಲ್ಲಿ ದಿನವೂ ಈ ಗುಳಿಗೆ ನುಂಗಿದವರಿಗೆ ಜಠರದ ಹುಣ್ಣಾಗುವುದೂ, ಬಿಸಿಲಲ್ಲಿ ದುಡಿದು ನೀರು ಕುಡಿಯದವರ, ಮುದುಕರ, ರಕ್ತದೊತ್ತಡದವರ ಮೂತ್ರಪಿಂಡ ಸೋಲುವುದೂ ಇದರಿಂದಲೇ. ಹೊಟ್ಟೆಯನ್ನು ಕಾಯುವ ಹೊಸ ಮಾದರಿಯೊಂದನ್ನು ಹುಡುಕಿದರು; ಆ ಗುಂಪಿನ ರೋಫೆಕಾಕ್ಸಿಬ್ ಹೃದಯಕ್ಕೆ ಹಾನಿಯೆಂದು ಕಂಡು 2004ರಲ್ಲಿ ಮಾರುಕಟ್ಟೆಯಿಂದ ಹೋಯಿತು. ಆಸ್ಪಿರಿನ್ನಿನದು ಮತ್ತೂ ಒಂದು ವಿಶೇಷ. ಕಿರುಬಿಲ್ಲೆಗಳ ಕಿಣ್ವವನ್ನು ಅದು ಒಮ್ಮೆ ಕಟ್ಟಿದರೆ ಆ ಬಿಲ್ಲೆ ಸಾಯುವವರೆಗೆ, ಅಂದರೆ ವಾರದಿಂದ ಹತ್ತು ದಿನ, ಗಂಟು ಬಿಚ್ಚುವುದಿಲ್ಲ. ಹೃದ್ರೋಗಿಗಳಿಗೆ ಅತಿ ಸಣ್ಣ ಪ್ರಮಾಣದಲ್ಲಿ ದಿನವೂ ಕೊಡುವುದು ಈ ಗುಣಕ್ಕಾಗಿಯೇ. ಒಬ್ಬನ ಹೃದಯವನ್ನು ಉಳಿಸುವ ಗುಣ ಇನ್ನೊಬ್ಬನ ರಕ್ತವನ್ನು ಹರಿಯಬಿಡಬಹುದು.

ಪ್ಯಾರಾಸಿಟಮಾಲ್ ಈ ಮನೆತನಕ್ಕೆ ಸೇರಿದ್ದಲ್ಲ. ಮೊದಲ ಸಲ 1878ರಲ್ಲಿ ತಯಾರಾಗಿ, ಬಹುಕಾಲ ಮೂಲೆಯಲ್ಲಿದ್ದು, 1950ರ ದಶಕದಲ್ಲಿ ಬಳಕೆಗೆ ಬಂತು. ಅದು ಹೆಚ್ಚಾಗಿ ಮೆದುಳು ಬೆನ್ನುಹುರಿಗಳಲ್ಲಿ ಕೆಲಸ ಮಾಡುತ್ತದೆಂಬುದು ನಿಜ. ಹೇಗೆಂಬುದರಲ್ಲಿ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಜ್ವರವನ್ನೂ ನೋವನ್ನೂ ಇಳಿಸುತ್ತದೆ, ಊತವನ್ನು ಇಳಿಸುವುದಿಲ್ಲವೆಂದೇ ಹೇಳಬೇಕು. ಜಠರಕ್ಕೂ ಕಿರುಬಿಲ್ಲೆಗಳಿಗೂ ಅದರ ತಂಟೆ ಅತ್ಯಲ್ಪ. ಹಾಗೆಂದು ಅದು ಸಾಧುವೂ ಅಲ್ಲ. ಅದರ ಒಂದಂಶ ಯಕೃತ್ತಿನಲ್ಲಿ ವಿಷವಾಗಿ ಮಾರ್ಪಡುತ್ತದೆ. ಮಿತಿಯಲ್ಲಿದ್ದರೆ ದೇಹ ಆ ವಿಷವನ್ನು ತಾನೇ ತೊಳೆದುಹಾಕುತ್ತದೆ; ಮಿತಿ ಮೀರಿದರೆ ಯಕೃತ್ತು ಸುಟ್ಟುಹೋಗುತ್ತದೆ. ಬೆಳೆದವರಿಗೆ ದಿನಕ್ಕೆ 4 ಗ್ರಾಂ, ಎಂದರೆ 500 ಮಿಲಿಗ್ರಾಮಿನ 8 ಗುಳಿಗೆ, ಮೀರಬಾರದ ಗೆರೆ. ಕುಡಿಯುವವರಿಗೂ ಉಂಡು ಬಲವಿಲ್ಲದವರಿಗೂ ಗೆರೆ ಇನ್ನೂ ಕೆಳಗಿದೆ. ಜ್ವರಕ್ಕೆಂದು ಒಂದು ಹೆಸರಿನದು, ತಲೆನೋವಿಗೆಂದು ಇನ್ನೊಂದು, ನೆಗಡಿಗೆಂದು ಮತ್ತೊಂದು ತೆಗೆದುಕೊಂಡವನು ಮೂರರಲ್ಲೂ ಪ್ಯಾರಾಸಿಟಮಾಲ್ ಇರುವುದನ್ನು ಅರಿಯದೆ ಆ ಗೆರೆಯನ್ನು ದಾಟಿರುತ್ತಾನೆ. ಹೆಸರಿನ ಗೊಂದಲ ಇಲ್ಲಿ ಯಕೃತ್ತಿಗೆ ತಗಲುತ್ತದೆ.

ಈ ಎರಡು ಮನೆತನಗಳ ವ್ಯತ್ಯಾಸ ಪಟ್ಟಣದವನಿಗೆ ಪಾಂಡಿತ್ಯವಾಗಿ ತೋರಬಹುದು. ಸೊರಬದವನಿಗೆ ಅದು ಪ್ರಾಣದ ಪ್ರಶ್ನೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಸುತ್ತಣ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಬಂದು ಒಂದು ಹೊಸ ವೈರಸ್ಸನ್ನು ಬೇರ್ಪಡಿಸಿದರು. ಹೀಗೆ ನಮ್ಮ ಒಂದು ಊರಿನ ಹೆಸರು ಪ್ರಪಂಚದ ವೈದ್ಯಗ್ರಂಥಗಳನ್ನು ಸೇರಿತು. ಊರಿಗೆ ಇಂಥ ಕೀರ್ತಿ ಬೇಕಿರಲಿಲ್ಲ. ಜನದ ಬಾಯಲ್ಲಿ ಅದು 'ಮಂಗನ ಕಾಯಿಲೆ'. ಉಣುಗಿನ ಕಡಿತದಿಂದ ಹರಡುವ ಈ ರೋಗ ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ, ತರಗೆಲೆ ಗುಡಿಸಲು, ಸೌದೆ ತರಲು ಜನ ಕಾಡಿಗೆ ಹೋಗುವ ಕಾಲದಲ್ಲಿ, ತಲೆಯೆತ್ತುತ್ತದೆ. 2018-19ರ ಸಾಲಿನಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದು ಮಾಡಿದ ಹಾವಳಿಯನ್ನು ಈ ಭಾಗದವರು ಮರೆತಿಲ್ಲ.

ಅದರ ಆರಂಭ ಹೇಗೆ? ಒಮ್ಮೆಲೇ ಏರುವ ಜ್ವರ, ಸಿಡಿಯುವ ತಲೆ, ಮುರಿದು ಹಾಕಿದಂತಹ ಮೈಕೈ ನೋವು. ಅಡಕೆ ಸುಲಿದು ದಣಿದ ಮೈಗೂ ಇದಕ್ಕೂ ಮೊದಲ ದಿನ ಹೆಚ್ಚಿನ ಭೇದ ಕಾಣದು. ಆಳು ಅಂಗಡಿಗೆ ಹೋಗಿ ಎಂದಿನಂತೆ 'ನೋವಿನ ಗುಳಿಗೆ' ಕೇಳುತ್ತಾನೆ. ಅವನಿಗೆ ಸಿಗುವುದು ಡೈಕ್ಲೋಫೆನಾಕ್ ಆಗಿರಬಹುದು, ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಬೆರೆಸಿದ್ದಾಗಿರಬಹುದು. ಮಂಗನ ಕಾಯಿಲೆಯಲ್ಲಿ ರಕ್ತದ ಕಿರುಬಿಲ್ಲೆಗಳು ಕುಸಿಯುತ್ತವೆ. ಕೆಲವರಲ್ಲಿ ಮೂಗು, ಒಸಡು, ಕರುಳುಗಳಿಂದ ರಕ್ತ ಸೋರುತ್ತದೆ. ಉಳಿದ ಅಷ್ಟಿಷ್ಟು ಬಿಲ್ಲೆಗಳ ಕೈಯನ್ನೂ ಆಸ್ಪಿರಿನ್ನಿನ ಮನೆತನದ ಗುಳಿಗೆ ಕಟ್ಟಿಹಾಕಿದರೆ ಆಗುವುದೇನೆಂದು ಊಹಿಸಬಹುದು. ಆದ್ದರಿಂದಲೇ ಈ ರೋಗದಲ್ಲಿ, ಡೆಂಗೆಯಲ್ಲಿಯೂ ಹಾಗೆಯೇ, ವೈದ್ಯರು ಜ್ವರನೋವುಗಳಿಗೆ ಪ್ಯಾರಾಸಿಟಮಾಲನ್ನು ಮಾತ್ರ ಕೊಟ್ಟು ಉಳಿದವನ್ನು ದೂರವಿಡುತ್ತಾರೆ. ರೋಗಕ್ಕೇ ನೇರವಾದ ಔಷಧ ಇಲ್ಲ. ಇಲ್ಲದಿರುವಾಗ, ಕೊಡಬಾರದ್ದನ್ನು ಕೊಡದಿರುವುದೇ ಚಿಕಿತ್ಸೆಯ ಒಂದು ದೊಡ್ಡ ಭಾಗವಾಗುತ್ತದೆ. ಈ ಒಂದು ಭೇದವನ್ನು ಸೊರಬದ ಪ್ರತಿಯೊಂದು ಮನೆಯೂ ತನ್ನ ಮಾತಿನಲ್ಲಿ ಹೇಳಲು ಕಲಿತರೆ ಸಾಕು. ಈ ಬರೆಹದ ಮಿಕ್ಕ ಭಾಗವನ್ನು ವಾಚಕರು ಮರೆತರೂ ನನಗೆ ಬೇಸರವಿಲ್ಲ.

ಮಿಕ್ಕವುಗಳಲ್ಲಿ ಹೊಟ್ಟೆಯ 'ನುಲಿತ'ವನ್ನು ಬೇಗ ಮುಗಿಸಬಹುದು. ಕರುಳು, ಗರ್ಭಕೋಶ, ಮೂತ್ರನಾಳಗಳ ಸ್ನಾಯು ಬಿಗಿಹಿಡಿದು ಹಿಂಡಿದಾಗ ಬರುವ ನೋವಿದು. ಅಲೆಯಂತೆ ಬಂದು ಹೋಗುತ್ತದೆ. ಡೈಸೈಕ್ಲೊಮಿನ್‌ನಂಥ ಔಷಧಗಳು ಆ ಸ್ನಾಯುವಿನ ಬಿಗಿಯನ್ನು ಸಡಿಲಿಸುತ್ತವೆ. ಮಂಡಿನೋವಿಗೆ ಅದನ್ನು ನುಂಗಿದರೆ ಬಾಯಿ ಒಣಗೀತೇ ಹೊರತು ಮಂಡಿಗೆ ಏನೂ ಆಗದು. ಹಲ್ಲು ಕೀಳುವಾಗ ಚುಚ್ಚುವ ಲಿಗ್ನೊಕೇನ್ ಬೇರೊಂದು ಬಗೆ: ನರದ ಎಳೆಯ ಮೇಲೆ ಸುದ್ದಿ ಹರಿಯಲು ಬೇಕಾದ ಸೋಡಿಯಮ್ಮಿನ ಬಾಗಿಲುಗಳನ್ನು ಮುಚ್ಚಿ ದಾರಿಯನ್ನೇ ಕಡಿದುಬಿಡುತ್ತದೆ.

ಆದರೆ 'ಜೋಮು', 'ಉರಿ', 'ಛಳುಕು' ಎಂಬ ಪದಗಳ ಬಳಿ ಸ್ವಲ್ಪ ನಿಲ್ಲಬೇಕು. ಸಕ್ಕರೆ ಕಾಯಿಲೆಯ ಮುದುಕ, 'ಪಾದಕ್ಕೆ ಕೆಂಡ ಇಟ್ಟ ಹಾಗೆ ಉರಿಯುತ್ತದೆ, ಇರುವೆ ಹರಿದ ಹಾಗಾಗುತ್ತದೆ' ಎನ್ನುತ್ತಾನೆ. ಸರ್ಪಸುತ್ತು ವಾಸಿಯಾದ ಮೇಲೂ ಅದರ ಜಾಗ ಉರಿಯುತ್ತಿರುತ್ತದೆ. ಸೊಂಟದಿಂದ ಹೊರಟ ಛಳುಕು ಕರೆಂಟು ಹೊಡೆದಂತೆ ಹಿಮ್ಮಡಿಗೆ ಇಳಿಯುತ್ತದೆ. ಇಲ್ಲಿ ಹಲವೊಮ್ಮೆ ಪಾದದಲ್ಲಿ ಗಾಯವಿಲ್ಲ, ಊತವಿಲ್ಲ. ಕೆಟ್ಟಿರುವುದು ಸುದ್ದಿ ತರುವ ನರವೇ. ಬೆಂಕಿಯಿಲ್ಲದೆ ಬೆಂಕಿಯ ಸುದ್ದಿಯನ್ನು ಅದು ಕಳಿಸುತ್ತಿದೆ. ಉರಿಯೂತದ ಗುಳಿಗೆಗೆ ಇಲ್ಲಿ ಹೆಚ್ಚು ಕೆಲಸವಿಲ್ಲ. ಇದಕ್ಕೆ ಸಲ್ಲುವವು ಅಮಿಟ್ರಿಪ್ಟಿಲಿನ್, ಗಾಬಾಪೆಂಟಿನ್, ಪ್ರೀಗಾಬಾಲಿನ್ ಮೊದಲಾದವು. ಮೊದಲನೆಯದು ಮನಸ್ಸಿನ ಖಿನ್ನತೆಗೆಂದು ಬಂದದ್ದು. ಸಣ್ಣ ಪ್ರಮಾಣದಲ್ಲಿ ಅದು ಮೆದುಳಿನಿಂದ ಬೆನ್ನುಹುರಿಗೆ ಇಳಿಯುವ ತಡೆಯನ್ನು ಬಲಪಡಿಸುತ್ತದೆ. ಉಳಿದೆರಡು ಮೂರ್ಛೆರೋಗದ ಚಿಕಿತ್ಸೆಯಲ್ಲಿ ಬಳಕೆಗೆ ಬಂದವು. ಕೆರಳಿದ ನರ ಮುಂದಿನ ನರಕ್ಕೆ ಸುದ್ದಿ ದಾಟಿಸುವ ರಭಸವನ್ನು ತಗ್ಗಿಸುತ್ತವೆ. ನಮ್ಮಲ್ಲಿ ಆಗುವುದೇನು? ವೈದ್ಯರು ಬರೆದುಕೊಟ್ಟ ಚೀಟಿಯನ್ನು ನೋಡಿ ಯಾರೋ ಬಲ್ಲವರು 'ಇದು ತಲೆಕೆಟ್ಟವರ ಗುಳಿಗೆ' ಎನ್ನುತ್ತಾರೆ. ಮುದುಕ ಅದನ್ನು ತಿಪ್ಪೆಗೆ ಎಸೆದು ಮತ್ತೆ ಕೆಂಪು ಗುಳಿಗೆಗೆ ಮರಳುತ್ತಾನೆ. ನನ್ನ ವಿದ್ಯಾರ್ಥಿಯೊಬ್ಬಳ ತಾತನ ವಿಷಯದಲ್ಲಿ ಹೀಗೆಯೇ ಆಯಿತು. ಒಂದು ವರ್ಷ ಅವನು ತನ್ನ ನೋವನ್ನು ಅಚ್ಚಗನ್ನಡದಲ್ಲಿ, ತಪ್ಪಿಲ್ಲದೆ ವರ್ಣಿಸಿದ. ಆ ಮಾತಿಗೂ ಈ ಔಷಧಕ್ಕೂ ಇರುವ ನಂಟನ್ನು ಅವನಿಗೆ ಕನ್ನಡದಲ್ಲಿ ಹೇಳಿದವರಿರಲಿಲ್ಲ.

ಕೊನೆಗೆ ಅಫೀಮಿನ ಮನೆತನ. ನಮ್ಮ ಹಬ್ಬದ ಪಾಯಸದ ಗಸಗಸೆಯೂ ಅಫೀಮೂ ಒಂದೇ ಗಿಡದವು. ಎಳೆಗಾಯನ್ನು ಗೀರಿದರೆ ಬರುವ ಹಾಲು ಅಫೀಮು, ಬಲಿತ ಕಾಯಿಯೊಳಗಿನ ಬೀಜ ಗಸಗಸೆ. ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಜರ್ಮನಿಯ ಸೆರ್ಟ್ಯುರ್ನರ್ ಅಫೀಮಿನಿಂದ ಮಾರ್ಫಿನನ್ನು ಬೇರ್ಪಡಿಸಿ, ಗ್ರೀಕರ ಸ್ವಪ್ನದೇವತೆಯ ಹೆಸರನ್ನು ಅದಕ್ಕಿಟ್ಟ. ಮೆದುಳಿನಲ್ಲಿಯೂ ಬೆನ್ನುಹುರಿಯ ಆ ಕಟ್ಟೆಯಲ್ಲಿಯೂ ಮಾರ್ಫಿನ್ ಕೂರತಕ್ಕ ಪೀಠಗಳಿವೆಯೆಂದು 1973ರಲ್ಲಿ ಕಂಡುಬಂತು. ಗಿಡದ ಹಾಲಿಗೆಂದು ನಮ್ಮ ಮೆದುಳು ಪೀಠ ಹಾಕಿ ಕಾದಿರುವುದೇಕೆ? 1975ರಲ್ಲಿ ಉತ್ತರ ದೊರೆಯಿತು: ದೇಹ ತಾನೇ ಅಂಥ ದ್ರವ್ಯಗಳನ್ನು ತಯಾರಿಸುತ್ತದೆ, ಪೀಠಗಳು ಅವಕ್ಕೆ ಮೀಸಲು. ಮಾರ್ಫಿನ್ ತೆಗೆದುಕೊಂಡ ರೋಗಿಗಳು, 'ನೋವು ಇದೆ, ಆದರೆ ಕಾಡುವುದಿಲ್ಲ' ಎನ್ನುವುದುಂಟಂತೆ. ನೋವು ಬೇರೆ, ಸಂಕಟ ಬೇರೆ ಎಂದು ನಮ್ಮ ಭಾಷೆ ಎರಡು ಪದಗಳನ್ನು ಇಟ್ಟುಕೊಂಡಿರುವುದು ಸುಮ್ಮನೆ ಅಲ್ಲ.

ಇದರ ಅಪಾಯಗಳನ್ನು ಮುಚ್ಚಿಡಬಾರದು. ಹೆಚ್ಚಾದರೆ ಉಸಿರನ್ನು ನಿಲ್ಲಿಸುತ್ತದೆ, ಮಲಬದ್ಧತೆ ತಪ್ಪದು, ಚಟವೂ ಹತ್ತಬಹುದು. ಇದೇ ಬಗೆಯ ಟ್ರಾಮಡಾಲ್ ದುರುಪಯೋಗವಾಗುತ್ತಿದ್ದುದರಿಂದ 2018ರಲ್ಲಿ ಸರ್ಕಾರ ಅದನ್ನೂ ಮಾದಕವಸ್ತುಗಳ ಕಾಯಿದೆಯ ಹತೋಟಿಗೆ ತಂದಿತು. ಅದು ಸರಿಯೇ. ಆದರೆ ಭಯಕ್ಕೂ ಒಂದು ಲೆಕ್ಕ ಬೇಡವೆ? ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಅಪ್ಪಣೆಯಿಂದಲೇ ಅಫೀಮು ಬೆಳೆದು ಹೊರದೇಶಗಳ ಔಷಧಕ್ಕೆ ಕಳಿಸುವ ನಾಡು ನಮ್ಮದು. 1985ರ ಕಾಯಿದೆಯ ಬಿಗಿಯಿಂದ ಅದೇ ನಾಡಿನ ಅರ್ಬುದರೋಗಿಗೆ ಮಾರ್ಫಿನ್ ಸಿಗದಂತಾಯಿತು. 2014ರ ತಿದ್ದುಪಡಿ ಆ ಗಂಟನ್ನು ಸಡಿಲಿಸಿತು. ಕಾಯಿದೆ ಸಡಿಲವಾದರೂ ಮನಸ್ಸು ಸಡಿಲವಾಗಿಲ್ಲ. 'ಅಫೀಮೇ!' ಎಂದು ಬೆಚ್ಚಿ, ಸಾಯುವ ತಾಯಿಯ ನರಳಾಟವನ್ನು ಕೇಳುತ್ತ ಕುಳಿತ ಮನೆಗಳಿವೆ. ಕೊನೆಯ ದಿನಗಳ ಅರ್ಬುದಕ್ಕೆ ವೈದ್ಯರು ಅಳೆದು ಕೊಡುವ ಮಾರ್ಫಿನ್ ಒಂದು, ಬೀದಿಯಲ್ಲಿ ಕೊಳ್ಳುವ ಮಾದಕ ಇನ್ನೊಂದು. ಈ ಎರಡನ್ನು ಒಂದೇ ಪದದಲ್ಲಿ ಕಟ್ಟಿದ್ದು ಭಾಷೆಯ ದೋಷವಲ್ಲ, ನಮ್ಮ ಅಂಜಿಕೆಯದು.

ರೋಗಿಯ ಮಾತನ್ನು ವೈದ್ಯ ಆಲಿಸಬೇಕೆಂಬುದು ಸಾಹಿತಿಗಳ ಹಳೆಯ ರಾಗವೆಂದು ಯಾರೂ ತಿಳಿಯಬಾರದು. ಮೇಲೆ ಹೇಳಿದ ಮೆಲ್ಜ್ಯಾಕರೇ 1975ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನ ಲಯದ ಹೆಸರಿನಲ್ಲಿ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಅದರಲ್ಲಿರುವುದು ಇಂಗ್ಲಿಷಿನಲ್ಲಿ ನೋವನ್ನು ಬಣ್ಣಿಸುವ 78 ಪದಗಳು, 20 ಗುಂಪುಗಳಲ್ಲಿ. ರೋಗಿ ತನಗೆ ಒಪ್ಪಿದವನ್ನು ಆರಿಸಿ ತೋರಿಸಬೇಕು. ಅದು ಒಂದು ಪುಟ್ಟ ನಿಘಂಟೇ ಅಲ್ಲವೆ? ನಿಘಂಟಿನಿಂದ ರೋಗದ ಬಗೆಯನ್ನು ಅರಸುವ ಈ ಕ್ರಮವನ್ನು ಜಗತ್ತಿನ ಎಷ್ಟೋ ಆಸ್ಪತ್ರೆಗಳು ಸ್ವೀಕರಿಸಿವೆ. ನಮ್ಮ ಕಡೆ ವೈದ್ಯರ ಮುಂದೆ ಕುಳಿತ ರೋಗಿಗೆ ಮೂರು ನಿಮಿಷ ಸಿಕ್ಕರೆ ಭಾಗ್ಯ. ಅವನ 'ನುಲಿತ', 'ಛಳುಕು', 'ಜೋಮು'ಗಳೆಲ್ಲ ಚೀಟಿಯ ಮೇಲೆ ಇಂಗ್ಲಿಷಿನ ಒಂದೇ ಪದವಾಗಿ ಇಳಿಯುತ್ತವೆ.

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವಾಗ ದಾರಿಯ ಮಗ್ಗುಲಿಗೆ ಬಳ್ಳಿಗಾವಿ ಸಿಗುತ್ತದೆ. ಅಲ್ಲಿಯ ಕೋಡಿಯ ಮಠವನ್ನು ಕುರಿತ 1162ರ ಶಾಸನ ನಮ್ಮ ಎಂ.ಎ. ತರಗತಿಗಳಲ್ಲಿ ವಿದ್ಯಾಕೇಂದ್ರದ ನಿದರ್ಶನವಾಗಿ ಬಂದುಹೋಗುತ್ತದೆ. ಅಲ್ಲಿ ಓದಿಸುತ್ತಿದ್ದ ವ್ಯಾಕರಣಗಳ ಹೆಸರನ್ನು, ದರ್ಶನಗಳ ಹೆಸರನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಅದೇ ಶಾಸನ ಆ ಮಠವನ್ನು ಅನಾಥರಾದ ರೋಗಿಗಳಿಗೆ ಔಷಧ ದೊರೆಯುವ ಸ್ಥಾನವೆಂದೂ ಹೇಳುತ್ತದೆಂಬುದನ್ನು ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ. ಪಾಣಿನಿಯ ಸೂತ್ರವನ್ನು ಹೇಳುವ ದನಿಗೂ ರೋಗಿಯ ನರಳುವ ದನಿಗೂ ಅಲ್ಲಿ ಒಂದೇ ಸೂರು. ವೈದ್ಯವನ್ನು ಕನ್ನಡದಲ್ಲಿ ಬರೆಯಲಾಗದೆಂಬ ಮಾತಿಗೂ ನಮ್ಮ ಹಿಂದಿನವರು ಉತ್ತರ ಕೊಟ್ಟಿದ್ದಾರೆ. ಚಾಲುಕ್ಯರ ಕೀರ್ತಿವರ್ಮ ದನಗಳ ವೈದ್ಯವನ್ನು 'ಗೋವೈದ್ಯ'ವೆಂದು ಕನ್ನಡದಲ್ಲಿ ಬರೆದ. ಜಗದ್ದಳ ಸೋಮನಾಥ 'ಕರ್ಣಾಟಕ ಕಲ್ಯಾಣಕಾರಕ'ವನ್ನು ತಂದ. ಮಂಗರಾಜ ವಿಷವೈದ್ಯದ ಮೇಲೆ 'ಖಗೇಂದ್ರಮಣಿದರ್ಪಣ'ವನ್ನೇ ಕಟ್ಟಿದ. ಎತ್ತಿನ ರೋಗಕ್ಕೆ ಹನ್ನೆರಡನೆಯ ಶತಮಾನದಲ್ಲಿ ಕನ್ನಡ ಸಾಕಾಗಿದ್ದರೆ ಮನುಷ್ಯನ ಗುಳಿಗೆಯ ಪಟ್ಟಿಗೆ ಇಂದು ಏಕೆ ಸಾಲದು?

2023ರ ಆಗಸ್ಟಿನಿಂದ ಹೆಚ್ಚು ಮಾರಾಟವಾಗುವ 300 ಔಷಧಗಳ ಪೊಟ್ಟಣದ ಮೇಲೆ ಮೊಬೈಲಿನಿಂದ ಓದುವ ಚೌಕಚಿಹ್ನೆ ಇರಬೇಕೆಂದು ಕೇಂದ್ರ ಸರ್ಕಾರ ವಿಧಿಸಿದೆ. ತಯಾರಕರು ಯಾರು, ತಂಡದ ಸಂಖ್ಯೆ ಏನು, ಎಂದು ಮುಗಿಯುತ್ತದೆ ಎಂಬುದನ್ನು ಅದು ಹೇಳುತ್ತದೆ. ನಕಲಿಯನ್ನು ಹಿಡಿಯಲು ಒಳ್ಳೆಯದೇ. ಆದರೆ ಕ್ಯಾಸನೂರಿನ ಅಜ್ಜಿಗೆ ಬೇಕಾದ್ದು ಅದಲ್ಲ. ಎರಡೇ ಪದಗಳ ಒಂದು ಕನ್ನಡದ ಸಾಲು. ಇದಕ್ಕೆ 'ವೇದನಾಶಾಮಕ' ಮೊದಲಾದ ಸಂಸ್ಕೃತದ ಸಿದ್ಧಪದಗಳು ಉಪಯೋಗಕ್ಕೆ ಬಾರವು. ಅವುಗಳೂ ಇಂಗ್ಲಿಷಿನ ಪದದಂತೆಯೇ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುತ್ತವೆ. ಜನದ ಕ್ರಿಯಾಪದಗಳಿಂದಲೇ ಹೆಸರುಗಳು ಬರಬೇಕು: ಡೈಕ್ಲೋಫೆನಾಕಿನ ಬಳಗಕ್ಕೆ 'ಊತದ ಗುಳಿಗೆ', ಪ್ಯಾರಾಸಿಟಮಾಲಿಗೆ 'ಜ್ವರದ ಗುಳಿಗೆ', ಡೈಸೈಕ್ಲೊಮಿನ್‌ಗೆ 'ನುಲಿತದ ಗುಳಿಗೆ', ಗಾಬಾಪೆಂಟಿನ್ ಮೊದಲಾದವಕ್ಕೆ 'ನರದುರಿಯ ಗುಳಿಗೆ'. ಇವು ಶಾಸ್ತ್ರದ ಕಣ್ಣಿಗೆ ಪೂರ್ಣವಲ್ಲವೆಂದು ವೈದ್ಯಮಿತ್ರರು ಆಕ್ಷೇಪಿಸುತ್ತಾರೆ, ನಾನು ಬಲ್ಲೆ. ಊತದ ಗುಳಿಗೆ ಜ್ವರವನ್ನೂ ಇಳಿಸುತ್ತದಲ್ಲವೆ ಎನ್ನುತ್ತಾರೆ. ಹೌದು, ಇಳಿಸುತ್ತದೆ; ಜ್ವರ ಬಂದವನು ಅದನ್ನು ಕೇಳಬಾರದೆಂಬುದಕ್ಕಾಗಿಯೇ ಆ ಹೆಸರು. ಬೇರೆ ಹೆಸರು ಹೊಳೆದವರು ಸೂಚಿಸಲಿ. ಔಷಧದ ಅಂಗಡಿಯವರು ಇದನ್ನು ಆರಂಭಿಸಲು ಯಾವ ಕಾಯಿದೆಗೂ ಕಾಯಬೇಕಿಲ್ಲ. ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಪೊಟ್ಟಣದ ಮೇಲೆ ಗೀರುವ ಆ ಪೆನ್ನಿನಿಂದಲೇ ಇನ್ನೊಂದು ಪದವನ್ನು ಬರೆಯಬಹುದು.

ನನ್ನ ಬಿ.ಎ. ತರಗತಿಯ ಹುಡುಗ ಹುಡುಗಿಯರಿಗೆ ಈ ವರ್ಷ ಛಂದಸ್ಸಿನ ಅಭ್ಯಾಸದ ಜೊತೆಗೆ ಇನ್ನೊಂದು ಕೆಲಸವನ್ನು ವಹಿಸಿದ್ದೇನೆ: ತಮ್ಮ ಮನೆಯ ಹಿರಿಯರು ನೋವಿಗೆ ಬಳಸುವ ಪದಗಳನ್ನು, ಆ ಪದ ಯಾವ ಅಂಗಕ್ಕೆ, ಯಾವ ಹೊತ್ತಿಗೆ ಸಲ್ಲುತ್ತದೆಂಬ ವಿವರದೊಂದಿಗೆ ಬರೆದು ತರುವುದು. ಶಿಕಾರಿಪುರದ ಸುತ್ತಲಿನ ಹಳ್ಳಿಗಳ ಪಟ್ಟಿ ದೊಡ್ಡದಾಗುತ್ತಿದೆ. ಸೊರಬದ ಕಾನಿನಂಚಿನ ಊರುಗಳಿಂದ, ಚಂದ್ರಗುತ್ತಿಯ ಕಡೆಯಿಂದ ಬಂದದ್ದು ಇನ್ನೂ ಕಡಮೆ. ಆ ಭಾಗದ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮಗೆ ತಿಳಿದ ಪದಗಳನ್ನು ಈ ಪುರವಣಿಗೆ ಬರೆದು ಕಳಿಸಿದರೆ ಪಟ್ಟಿಗೆ ಸೇರಿಸಿಕೊಳ್ಳುತ್ತೇವೆ; ಮಂಗನ ಕಾಯಿಲೆಯಿಂದ ಎದ್ದವರು ಆ ಮೊದಲ ದಿನದ ಮೈನೋವನ್ನು ಏನೆಂದು ಕರೆದರೆಂಬುದನ್ನು ಮುಖ್ಯವಾಗಿ ತಿಳಿಸಬೇಕು.